ಆಪರೇಷನ್ ಗಾಯಗಳಲ್ಲಿ ಪದೇಪದೇ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ: ಎಲ್ಲವೂ ಒಂದೇ ಸ್ಟ್ರೇನ್ (ತಳಿ) ಅಂತ ತಿಳಿಯೋದು ಹೇಗೆ?

ಬೇತಮಂಗಲ_ವೆಟ್ ಕೇಳಿದ್ದು:

ಕೋಲಾರದ ಹತ್ತಿರದ ಪಶು ಆಸ್ಪತ್ರೆ. ಸುತ್ತಲಿನ ತಾಲ್ಲೂಕುಗಳಿಂದ ರೆಫರ್ ಆದ ಕೇಸು ಬರ್ತಾವೆ. ಹಸುಗಳಿಗೆ ಹೊರಗಿನ ಶೆಡ್ಡು, ನಾಯಿಗಳಿಗೆ ಒಳಗಿನ ಟೇಬಲ್ಲು. ಆದ್ರೆ ಇನ್‌ಸ್ಟ್ರುಮೆಂಟು, ಕ್ಲಿಪ್ಪರ್, ಡ್ರಿಪ್ ಸ್ಟ್ಯಾಂಡು, ಕಾಂಪೌಂಡರ್ ಎಲ್ಲಾ ಎರಡಕ್ಕೂ ಒಂದೇ.

ಎರಡು ತಿಂಗಳ ಒಳಗೆ ಸಿಸೇರಿಯನ್ ಆದ ಮೂರು ಎಚ್‌ಎಫ್ ಕ್ರಾಸ್ ಹಸುಗಳ ಹೊಲಿಗೆ ಕೀವಾಯ್ತು. ಕಾಲಿಗೆ ಪ್ಲೇಟ್ ಹಾಕಿದ್ದ ಎರಡು ನಾಯಿಗಳಿಗೂ ಹಾಗೇ. ಬೇಧಿಗೆ ಡ್ರಿಪ್ ಹಾಕಿದ್ದ ಒಂದು ಕರುವಿನ ಕತ್ತಿನ ರಕ್ತನಾಳ ಬಾವು ಬಂತು. ಆರರಲ್ಲೂ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ. ಎಬಿಎಸ್‌ಟಿ (ಯಾವ ಆಂಟಿಬಯೋಟಿಕ್ ನಾಟುತ್ತೆ ಅನ್ನೋ ಪರೀಕ್ಷೆ) ಹೆಚ್ಚೂಕಮ್ಮಿ ಒಂದೇ: ಆಂಪಿಸಿಲಿನ್, ಸೆಫ್ಟ್ರಿಯಾಕ್ಸೋನ್, ಜೆಂಟಾಮೈಸಿನ್, ಎನ್ರೋಫ್ಲಾಕ್ಸಾಸಿನ್ ನಾಟಲ್ಲ, ಅಮಿಕಾಸಿನ್ ಮತ್ತು ಮೆರೋಪೆನೆಮ್ ನಾಟ್ತಾವೆ.

ಎಬಿಎಸ್‌ಟಿ ಒಂದೇ ಇದ್ರೆ ಸ್ಟ್ರೇನೂ ಒಂದೇ ಅಂತ ಬರೆಯಬಹುದಾ? ಬೆರಳಚ್ಚಿನ ಥರ ಪರೀಕ್ಷೆ ಮಾಡಿಸೋದಾದ್ರೆ ಇರಿಕ್-ಪಿಸಿಆರ್, ಪಿಎಫ್‌ಜಿಇ (ಡಿಎನ್‌ಎ ಕತ್ತರಿಸಿ ಜೆಲ್‌ನಲ್ಲಿ ಓಡಿಸೋ ಪರೀಕ್ಷೆ), ಸೀಕ್ವೆನ್ಸಿಂಗ್ ಇವುಗಳಲ್ಲಿ ಯಾವುದು? ಸಿಬ್ಬಂದಿ ಎಲ್ಲಾ ಬೋರ್‌ವೆಲ್ ನೀರಿನ ಮೇಲೆ ಹಾಕ್ತಿದ್ದಾರೆ. ಎಲ್ಲೆಲ್ಲಿಂದ ಸ್ವಾಬ್ ತೆಗೀಬೇಕು?

---

ಮೂರನೇ_ಲೇನ್ ಉತ್ತರ:

ಡಾಕ್ಟ್ರೇ, ಎಬಿಎಸ್‌ಟಿ ನೋಡಿ ಹಾಗೆ ಬರೆಯಬೇಡಿ. ಆಂಪಿಸಿಲಿನ್ ಕಾಲಂ ಲೆಕ್ಕಕ್ಕೇ ಇಲ್ಲ. ಈ ಜಾತಿಯ ವರ್ಣತಂತುವಿನಲ್ಲೇ ಎಸ್‌ಎಚ್‌ವಿ ಬೀಟಾ-ಲ್ಯಾಕ್ಟಮೇಸ್ (ಔಷಧಿ ಒಡೆಯುವ ಕಿಣ್ವ) ಜೀನ್ ಕೂತಿರುವುದರಿಂದ ಆಂಪಿಸಿಲಿನ್ ಯಾವ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇಗೂ ನಾಟುವುದಿಲ್ಲ. ಸೆಫ್ಟ್ರಿಯಾಕ್ಸೋನನ್ನು ಒಡೆಯುವ ಸಿಟಿಎಕ್ಸ್-ಎಂ-15 ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ (ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರ) ಮೇಲೆ ಇರುತ್ತದೆ. ಜೆಂಟಾಮೈಸಿನ್ ನಿರೋಧದ ಜೀನೂ ಎಷ್ಟೋ ಸಲ ಅದೇ ಪ್ಲಾಸ್ಮಿಡ್‌ನಲ್ಲಿ ಜೊತೆಗೆ ಬರುತ್ತದೆ. ಹೀಗಾಗಿ ಸಂಬಂಧವೇ ಇಲ್ಲದ ಎರಡು ಸ್ಟ್ರೇನುಗಳು ಒಂದೇ ಪ್ಲಾಸ್ಮಿಡ್ ಪಡೆದು ಒಂದೇ ಎಬಿಎಸ್‌ಟಿ ತೋರಿಸಬಹುದು. ಒಂದೇ ಸ್ಟ್ರೇನ್ ಪ್ಲಾಸ್ಮಿಡ್ ಕಳೆದುಕೊಂಡು ಬೇರೆ ಎಬಿಎಸ್‌ಟಿ ಕೊಡುವುದೂ ಉಂಟು. ಎಬಿಎಸ್‌ಟಿ ಅನುಮಾನ ಹುಟ್ಟಿಸಲಿಕ್ಕೆ ಸಾಕು, ತೀರ್ಮಾನಕ್ಕೆ ಸಾಲದು.

ಮೊದಲ ಜರಡಿಯಾಗಿ ಇರಿಕ್-ಪಿಸಿಆರ್ ಮಾಡಿ. ಸಾಮಾನ್ಯ ಪಿಸಿಆರ್ ಯಂತ್ರ, ಜೆಲ್ ಟ್ಯಾಂಕು, ಯುವಿ ಕ್ಯಾಮೆರಾ ಇರುವ ಯಾವ ಪಶುವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲೂ ಆಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಜೀನೋಮಿನಲ್ಲಿ ಅಲ್ಲಲ್ಲಿ ಮರುಕಳಿಸುವ ಇರಿಕ್ ಎಂಬ ತುಣುಕುಗಳಿವೆ. 22 ಅಕ್ಷರಗಳ ಎರಡು ಪ್ರೈಮರ್‌ಗಳು ಅಂಥ ತುಣುಕುಗಳ ನಡುವಿನ ಅಂತರವನ್ನು ನಕಲು ಮಾಡುತ್ತವೆ. ಅಂತರಗಳು ಸ್ಟ್ರೇನಿಂದ ಸ್ಟ್ರೇನಿಗೆ ಬೇರೆಯಾಗಿ ಜೆಲ್‌ನಲ್ಲಿ ಬೇರೆ ಬೇರೆ ಪಟ್ಟೆಗಳಾಗಿ ಕಾಣುತ್ತವೆ.

25 ಮೈಕ್ರೋಲೀಟರ್ ರಿಯಾಕ್ಷನ್‌ಗೆ ಸುಮಾರು 50 ನ್ಯಾನೋಗ್ರಾಂ ಡಿಎನ್‌ಎ, ಪ್ರೈಮರ್ ತಲಾ 0.5 ಮೈಕ್ರೋಮೋಲಾರ್, ಡಿಎನ್‌ಟಿಪಿ ತಲಾ 0.2 ಮಿಲಿಮೋಲಾರ್, ಮೆಗ್ನೀಸಿಯಂ 3 ಮಿಲಿಮೋಲಾರ್, ಟ್ಯಾಕ್ (ಡಿಎನ್‌ಎ ನಕಲು ಮಾಡುವ ಕಿಣ್ವ) 1.25 ಯೂನಿಟ್. 95 ಡಿಗ್ರಿಯಲ್ಲಿ 5 ನಿಮಿಷ. ಆಮೇಲೆ 94ರಲ್ಲಿ 1 ನಿಮಿಷ, 52ರಲ್ಲಿ 1 ನಿಮಿಷ, 65ರಲ್ಲಿ 8 ನಿಮಿಷ, ಹೀಗೆ 30 ಸುತ್ತು. ಕೊನೆಗೆ 65ರಲ್ಲಿ 16 ನಿಮಿಷ. ಆ 8 ನಿಮಿಷವನ್ನು ಉಳಿಸಲು ಹೋದರೆ ಮೇಲಿನ ದೊಡ್ಡ ಪಟ್ಟೆಗಳು ಮಾಯವಾಗುತ್ತವೆ. ಒಟ್ಟು ಐದೂವರೆ ಗಂಟೆ ಮೀರುತ್ತದೆ. ನಡುವೆ ಕರೆಂಟ್ ಹೋದರೆ ಆ ರನ್ ಎಸೆಯಬೇಕು, ಮುಂದುವರಿಸಿ ಹೋಲಿಸಬಾರದು. ಯಂತ್ರಕ್ಕೆ ಯುಪಿಎಸ್ ಇಲ್ಲದ ಲ್ಯಾಬಿಗೆ ಕೊಡಲೇಬೇಡಿ.

ಡಿಎನ್‌ಎಗೆ ಕಾಲೊನಿ ಕುದಿಸಿದರೆ ಸಾಕು ಎನ್ನುತ್ತಾರೆ: ಎರಡು ಕಾಲೊನಿಯನ್ನು 200 ಮೈಕ್ರೋಲೀಟರ್ ನೀರಿನಲ್ಲಿ ಕದಡಿ, 10 ನಿಮಿಷ ಕುದಿಸಿ, 12,000 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸಿ ಮೇಲಿನ ನೀರು ಬಳಸುವುದು. ಇ.ಕೋಲೈಗೆ ಸರಿ. ಕ್ಲೆಬ್ಸಿಯೆಲ್ಲಾದ್ದು ಲೋಳೆ ಕವಚ. ಲೂಪ್ ಎತ್ತಿದರೆ ದಾರದಂತೆ ಎಳೆ ಬರುತ್ತದೆಯಲ್ಲ, ಆ ಲೋಳೆಯ ಪಾಲಿಸ್ಯಾಕರೈಡ್ ಟ್ಯಾಕನ್ನು ತಡೆಯುತ್ತದೆ. ಪಟ್ಟೆ ಮಂಕಾಗಿ, ಅರ್ಧ ಕಾಣೆಯಾಗಿ, ಬೇರೆ ಸ್ಟ್ರೇನೇನೋ ಎನ್ನಿಸುತ್ತದೆ. ಡಿಎನ್‌ಎ ಶುಚಿ ಮಾಡುವ ಕಾಲಂ ಕಿಟ್ ಬಳಸಿ. ಇಲ್ಲವಾದರೆ ಕುದಿಸಿದ್ದನ್ನು ಹತ್ತು ಪಟ್ಟು ತೆಳು ಮಾಡಿ ಎರಡೂ ಓಡಿಸಿ.

ಜೆಲ್ ಉದ್ದವಿರಲಿ, ಕನಿಷ್ಠ 15 ಸೆಂ.ಮೀ. ಶೇ 1.5 ಅಗರೋಸ್, 70–80 ವೋಲ್ಟಿನಲ್ಲಿ ಸುಮಾರು ಮೂರು ಗಂಟೆ. ಲ್ಯಾಡರ್ (ಉದ್ದ ಗೊತ್ತಿರುವ ಡಿಎನ್‌ಎ ತುಂಡುಗಳ ಅಳತೆಪಟ್ಟಿ) ಎರಡು ತುದಿಗೂ ನಡುವಿಗೂ, ಮೂರು ಲೇನಿನಲ್ಲಿ ಹಾಕಿ. ಜೆಲ್ ನಗುವಿನಂತೆ ಬಾಗಿದರೆ ನಡುವಿನ ಲ್ಯಾಡರ್ ಇಲ್ಲದೆ ಸರಿಪಡಿಸಲಾಗುವುದಿಲ್ಲ.

ಇರಿಕ್‌ನ ದೊಡ್ಡ ದೋಷವೆಂದರೆ ಇವತ್ತಿನ ಜೆಲ್ಲನ್ನು ಮುಂದಿನ ವಾರದ ಜೆಲ್ ಜೊತೆ ಹೋಲಿಸಲಾಗದು. ಟ್ಯಾಕ್‌ನ ಲಾಟ್, ಮೆಗ್ನೀಸಿಯಂ, ಯಂತ್ರದ ಬಿಸಿ ಏರುವ ವೇಗ, ಯಾವುದು ಬದಲಾದರೂ ಪಟ್ಟೆ ಬದಲಾಗುತ್ತದೆ. ಹೋಲಿಸಬೇಕಾದವೆಲ್ಲ ಒಂದೇ ಮಾಸ್ಟರ್‌ಮಿಕ್ಸ್, ಒಂದೇ ಯಂತ್ರ, ಒಂದೇ ಜೆಲ್. ಕನಿಷ್ಠ ಎರಡು ಐಸೊಲೇಟನ್ನು (ಸ್ಯಾಂಪಲ್‌ನಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ಡಿಎನ್‌ಎ ತೆಗೆಯುವ ಹಂತದಿಂದಲೇ ಜೋಡಿಯಾಗಿ ಮಾಡಿ. ಡೆಂಡ್ರೋಗ್ರಾಮಿನಲ್ಲಿ (ಹೋಲಿಕೆ ತೋರಿಸುವ ಮರದ ಚಿತ್ರ) ಆ ಜೋಡಿ ಶೇ 94ಕ್ಕೆ ಸೇರಿದರೆ, ನಿಮ್ಮ ಜೆಲ್‌ನಲ್ಲಿ 'ಒಂದೇ' ಎನ್ನುವ ಗೆರೆ ಅಲ್ಲಿಗೇ. ಪ್ರಬಂಧದಲ್ಲಿ ಕಂಡ ಗೆರೆಯನ್ನು ತಂದು ಎಳೆಯಬೇಡಿ.

ಬಹುತೇಕರು ಬಿಟ್ಟುಬಿಡುವುದು ಕಂಟ್ರೋಲ್. ಆರು ಕೇಸಿನ ಐಸೊಲೇಟು ಮಾತ್ರ ಓಡಿಸಿ ಆರೂ ಒಂದೇ ಥರ ಕಂಡರೆ ಏನು ಗೊತ್ತಾಯಿತು? ನಿಮ್ಮ ಭಾಗದಲ್ಲಿ ತಿರುಗುವ ಕ್ಲೆಬ್ಸಿಯೆಲ್ಲಾ ಎಲ್ಲವೂ ಹಾಗೇ ಕಾಣಬಹುದು. ಆಸ್ಪತ್ರೆಗೆ ಕಾಲಿಡದ ಹಸುಗಳದ್ದು ಆರೆಂಟು ಬೇಕು. ಕೋಲಾರದಲ್ಲಿ ಅದಕ್ಕೇನು ಬರ. ಮರದ ಹೊಟ್ಟು ಹಾಸುವ ಕೊಟ್ಟಿಗೆಗಳಲ್ಲಿ ಕ್ಲೆಬ್ಸಿಯೆಲ್ಲಾ ಕೆಚ್ಚಲು ಬಾವು ಸಾಮಾನ್ಯ. ಮಾಲೂರು, ಮುಳಬಾಗಿಲು, ಬಂಗಾರಪೇಟೆ ಕಡೆಯ ಬೇರೆ ಬೇರೆ ಹಳ್ಳಿಗಳ ಹಾಲಿನಿಂದ ತೆಗೆದಿಡಿ. ಅವು ಚದುರಿ, ನಿಮ್ಮ ಆರು ಮಾತ್ರ ಒಂದೆಡೆ ಗುಂಪಾದರೆ ಆಗ ಮಾತಿಗೆ ತೂಕ.

---

ಹೊಲಿಗೆ_ದಾರ (ತುಮಕೂರು) ಉತ್ತರ:

ಬೆರಳಚ್ಚು ಬರೋವರೆಗೂ ಕೈಕಟ್ಟಿ ಕೂರಬೇಡಿ. ರಿಪೋರ್ಟು ಬರೋ ಹೊತ್ತಿಗೆ ಇನ್ನೆರಡು ಹೊಲಿಗೆ ಬಿಚ್ಚಿರುತ್ತೆ. ಆದ್ರೆ ತೊಳೆಯೋಕೆ ಮುಂಚೆ ಸ್ಯಾಂಪಲ್ ತಗೊಳ್ಳಿ. ಎಷ್ಟೋ ಕಡೆ ಆಗೋದೇ ಇದು: ಸುದ್ದಿ ಗೊತ್ತಾದ ದಿನವೇ ಫಿನಾಯಿಲ್ ಸುರಿದು ಕೋಣೆ ಪೂರ್ತಿ ಉಜ್ಜಿಬಿಡ್ತಾರೆ, ಆಮೇಲೆ ಸ್ವಾಬ್‌ನಲ್ಲಿ ಏನೂ ಬೆಳೆಯಲ್ಲ.

ನಿಮ್ಮ ಪಟ್ಟಿ ನೋಡಿದ್ರೆ ನನ್ನ ಕಣ್ಣು ಕರುವಿನ ಮೇಲೆ. ಅದಕ್ಕೆ ಆಪರೇಷನ್ನೇ ಆಗಿಲ್ಲ, ಬರೀ ಡ್ರಿಪ್. ಹಾಗಾದ್ರೆ ಆರಕ್ಕೂ ಸಾಮಾನ್ಯ ಇರೋದು ಚಾಕುವಲ್ಲ. ಡ್ರಿಪ್ ಬಾಟ್ಲಿ, ಸ್ಪಿರಿಟ್ ಹತ್ತಿ ಡಬ್ಬ, ಕ್ಲಿಪ್ಪರ್ ಬ್ಲೇಡು, ಕೈ, ಇಷ್ಟೇ.

ಬಾಟ್ಲಿಗೆ ಗಾಳಿ ಹೋಗ್ಲಿ ಅಂತ ಚುಚ್ಚಿದ 18 ಗೇಜ್ ಸೂಜಿ ಹಾಗೇ ನಿಂತಿರುತ್ತಲ್ಲ, ಅರ್ಧ ಉಳಿದ ಡೆಕ್ಸ್‌ಟ್ರೋಸ್ ಸಾಯಂಕಾಲದ ಕೇಸಿಗೆ ಇರ್ಲಿ ಅಂತ ಸ್ಟ್ಯಾಂಡಲ್ಲೇ ತೂಗ್ತಿರುತ್ತಲ್ಲ, ಮೊದಲು ಅದನ್ನೇ ಹಿಡೀರಿ. ಕ್ಲೆಬ್ಸಿಯೆಲ್ಲಾ, ಎಂಟೆರೋಬ್ಯಾಕ್ಟರ್, ಸೆರಾಶಿಯಾ ಈ ಗುಂಪು ಶೇ 5 ಡೆಕ್ಸ್‌ಟ್ರೋಸ್‌ನಲ್ಲಿ ಕೋಣೆಯ ಬಿಸಿಗೇ ಚೆನ್ನಾಗಿ ಬೆಳೆಯುತ್ತೆ. ಎಷ್ಟು ಬೆಳೆದ್ರೂ ಕಣ್ಣಿಗೆ ನೀರು ತಿಳಿಯಾಗೇ ಕಾಣಬಹುದು. ಅಮೆರಿಕದಲ್ಲಿ 1970–71ರಲ್ಲಿ ಸಲೈನ್ ಬಾಟ್ಲಿ ಮುಚ್ಚಳದಿಂದ ಎಷ್ಟೋ ಆಸ್ಪತ್ರೆಗಳ ರೋಗಿಗಳ ರಕ್ತಕ್ಕೆ ಸೋಂಕು ಹರಡಿದ್ದು ಇದೇ ಬಳಗದ ಎಂಟೆರೋಬ್ಯಾಕ್ಟರ್‌ಗಳಿಂದ. ಲಿಗ್ನೋಕೇನ್ ಮತ್ತು ವಿಟಮಿನ್ ವಯಲ್‌ಗಳನ್ನೂ ಇದೇ ಕಣ್ಣಲ್ಲಿ ನೋಡಿ.

ಆಮೇಲೆ ಹತ್ತಿ ಡಬ್ಬ. ಸೆಟ್ರಿಮೈಡ್, ಬೆಂಜಾಲ್ಕೋನಿಯಂ ಜಾತಿಯ ಔಷಧಿಯನ್ನು ಹತ್ತಿ ಹೀರಿಕೊಂಡು ಕಟ್ಟಿಹಾಕುತ್ತೆ, ದ್ರಾವಣದಲ್ಲಿ ಉಳಿಯೋದು ಸ್ವಲ್ಪವೇ. ಅದರ ಮೇಲೆ ನಮ್ಮ ಬೋರ್ ನೀರು, ಗಡಸೋ ಗಡಸು. ಸೋಪಿನ ಪಸೆ ಇದ್ರಂತೂ ಕ್ಲೋರ್‌ಹೆಕ್ಸಿಡಿನ್ ಒಡೆದು ತಳಕ್ಕೆ ಕೂರುತ್ತೆ. ಡಬ್ಬ ಖಾಲಿಯಾದ ಹಾಗೆ ಮೇಲಿಂದ ತುಂಬಿಸ್ತಾ ಹೋದ್ರೆ ಅದು ಆಂಟಿಸೆಪ್ಟಿಕ್ ಅಲ್ಲ, ಬ್ಯಾಕ್ಟೀರಿಯಾ ಸಾಕೋ ತೊಟ್ಟಿ. ಇನ್‌ಸ್ಟ್ರುಮೆಂಟ್ ಟ್ರೇ ಅದೇ ದ್ರಾವಣದಲ್ಲಿ ಮುಳುಗಿಸಿ ಇಡೋ ಪದ್ಧತಿ ಇದ್ರೆ ಇವತ್ತೇ ನಿಲ್ಲಿಸಿ. ಅದು ಸ್ಟೆರಿಲೈಸೇಷನ್ ಅಲ್ವೇ ಅಲ್ಲ. ಶೇ 2 ಗ್ಲುಟರಾಲ್ಡಿಹೈಡ್‌ಗೇ ಬೀಜಕಣ ಸಾಯೋಕೆ 10 ಗಂಟೆ ಬೇಕು. ಆಟೋಕ್ಲೇವ್ 121 ಡಿಗ್ರಿ, 15 ಪೌಂಡ್, ಬಟ್ಟೆ ಸುತ್ತಿದ ಪ್ಯಾಕಿಗೆ 30 ನಿಮಿಷ. ಕರು ಎಳೆಯೋ ಹಗ್ಗವನ್ನೂ ಅದರೊಳಗೇ ಹಾಕಿ.

ಸ್ಯಾಂಪಲ್ ತೆಗೆಯೋ ಬಗೆ. ತೆರೆದ ಬಾಟ್ಲಿಯಿಂದ 10 ಮಿ.ಲೀ. ತೆಗೆದು 90 ಮಿ.ಲೀ. ಬಫರ್ಡ್ ಪೆಪ್ಟೋನ್ ವಾಟರ್‌ಗೆ (ಬ್ಯಾಕ್ಟೀರಿಯಾ ಬೆಳೆಸೋ ದ್ರವ). ಅದೇ ಬ್ಯಾಚಿನ ಸೀಲ್ ಒಡೆಯದ ಬಾಟ್ಲಿಯಿಂದಲೂ ಹಾಗೇ ತೆಗೀರಿ, ಇದು ಮರೆಯಬೇಡಿ. ಆಂಟಿಸೆಪ್ಟಿಕ್‌ನಿಂದ 1 ಮಿ.ಲೀ. ತೆಗೆದು 9 ಮಿ.ಲೀ. ಡೇ-ಎಂಗ್ಲೇ ಬ್ರಾತ್‌ಗೆ, ಅದು ಔಷಧಿಯ ಶಕ್ತಿ ತೆಗೆಯುತ್ತೆ. ಬರೀ ಬ್ರಾತ್‌ಗೆ ಹಾಕಿದ್ರೆ ಉಳಿದ ಔಷಧಿ ಅಲ್ಲೂ ಕೆಲಸ ಮಾಡಿ, ಬ್ಯಾಕ್ಟೀರಿಯಾ ಇದ್ರೂ ಇಲ್ಲ ಅಂತ ರಿಪೋರ್ಟ್ ಬರುತ್ತೆ. ಬೋರ್ ನೀರು 100 ಮಿ.ಲೀ., 0.45 ಮೈಕ್ರಾನ್ ಫಿಲ್ಟರ್ ಮೇಲೆ. ನೀರಿಗೆ ಕ್ಲೋರಿನ್ ಹಾಕ್ತಿದ್ರೆ ಸ್ಯಾಂಪಲ್ ಬಾಟ್ಲಿಯಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರ್ಬೇಕು. ನೆಲಕ್ಕೆ ಹತ್ತಿಕಡ್ಡಿ ಸಾಲದು, ಒದ್ದೆ ಮಾಡಿದ ಸ್ಟೆರೈಲ್ ಗಾಜ್‌ನಲ್ಲಿ ಒಂದು ಚದರ ಅಡಿಯಾದ್ರೂ ಒರೆಸಿ. ಬೇಸಿನ್ನಿನ ತೂತಿನ ಒಳಗೆ, ಕ್ಲಿಪ್ಪರ್ ಹಲ್ಲಿನ ಸಂದಿಯಲ್ಲಿ ಸ್ವಾಬ್ ಆಡಿಸಿ.

ಪೆಪ್ಟೋನ್‌ನಿಂದ ಮರುದಿನ ಮ್ಯಾಕಾಂಕಿ ಅಗಾರ್ ಪ್ಲೇಟಿಗೆ ಹಾಕುವಾಗ ಅಗಾರಿಗೆ ಲೀಟರಿಗೆ 1 ಮಿ.ಗ್ರಾಂ. ಸೆಫೋಟಾಕ್ಸಿಮ್ ಆಂಟಿಬಯೋಟಿಕ್ ಸೇರಿಸಿ. ಇಲ್ದಿದ್ರೆ ಸಗಣಿಯ ಇ.ಕೋಲೈ ಪ್ಲೇಟ್ ಪೂರ್ತಿ ತುಂಬ್ಕೊಳ್ಳುತ್ತೆ. ಪಾಸಿಟಿವ್ ಬಂದ ಪ್ರತಿ ಜಾಗದಿಂದ ಮೂರರಿಂದ ಐದು ಕಾಲೊನಿ ಎತ್ತಿ. ಬೇಸಿನ್‌ನಲ್ಲಿ ಮೂರು ಸ್ಟ್ರೇನ್ ಇದ್ದು ನೀವು ಒಂದೇ ಕಾಲೊನಿ ಎತ್ತಿದ್ರೆ ತಪ್ಪಿದ್ದೇ ಸಿಗೋದು.

ತೊಳೆಯೋದಕ್ಕೆ: ಮೊದಲು ಸೋಪು ನೀರಲ್ಲಿ ಸಗಣಿ, ರಕ್ತ ಪೂರ್ತಿ ಹೋಗ್ಬೇಕು. ಆಮೇಲೆ ಶೇ 5 ಹೈಪೋಕ್ಲೋರೈಟ್ 20 ಮಿ.ಲೀ. ಒಂದು ಲೀಟರ್ ನೀರಿಗೆ, ಅಂದ್ರೆ 1000 ಪಿಪಿಎಂ, 10 ನಿಮಿಷ ಒದ್ದೆಯಾಗೇ ನಿಲ್ಲಬೇಕು. ಸಗಣಿ ಮೇಲೆ ಸುರಿದ ಕ್ಲೋರಿನ್ ಸಗಣಿಗೇ ಖರ್ಚು.

---

ರೀಡ್ಸ್_ಮ್ಯಾಪ್ ಉತ್ತರ:

ಇರಿಕ್ ಬಗ್ಗೆ ನನಗೆ ತಕರಾರಿದೆ. ಐದೂವರೆ ಗಂಟೆ ಓಡಿಸಿ, ಕೊನೆಗೆ 'ಇರಬಹುದು' ಎನ್ನುವ ಉತ್ತರ ಸಿಗುವುದಾದರೆ ನೇರವಾಗಿ ಪೂರ್ಣ ಜೀನೋಮ್ ಸೀಕ್ವೆನ್ಸಿಂಗ್‌ಗೆ ಹೋಗಬಾರದೇಕೆ? ಆರು ಕೇಸು, ನಾಲ್ಕು ಕಂಟ್ರೋಲ್, ಪರಿಸರದ ನಾಲ್ಕೈದು. ಹದಿನೈದು ಜೀನೋಮ್ ಇವತ್ತು ದೊಡ್ಡ ಮಾತಲ್ಲ, ಬೆಂಗಳೂರಿನಲ್ಲೇ ಆಗುತ್ತದೆ.

ಕ್ಲೆಬ್ಸಿಯೆಲ್ಲಾ ಜೀನೋಮ್ ಸುಮಾರು 55 ಲಕ್ಷ ಅಕ್ಷರ. ಇಲ್ಯುಮಿನಾ ಯಂತ್ರದಲ್ಲಿ 150 ಅಕ್ಷರಗಳ ಜೋಡಿ ರೀಡ್ (ಓದಿದ ತುಣುಕು), 100 ಪಟ್ಟು ಕವರೇಜ್ (ಪ್ರತಿ ಅಕ್ಷರವನ್ನು ಸರಾಸರಿ ನೂರು ಸಲ ಓದುವುದು) ಎಂದರೆ ಒಂದು ಐಸೊಲೇಟಿಗೆ ಅರ್ಧ ಗಿಗಾಬೇಸ್ ಚಿಲ್ಲರೆ. 50 ಪಟ್ಟಿಗಿಂತ ಕೆಳಗೆ ಇಳಿಯದಿರಲಿ. ಡಿಎನ್‌ಎಯನ್ನು ಆರ್‌ಎನ್‌ಏಸ್ ಹಾಕಿ ಶುಚಿ ಮಾಡಿ, ಕ್ಯೂಬಿಟ್‌ನಲ್ಲಿ ಅಳೆದು ಕಳಿಸಿ. ನ್ಯಾನೋಡ್ರಾಪ್ ಆರ್‌ಎನ್‌ಎಯನ್ನೂ ಸೇರಿಸಿ ಎಣಿಸುವುದರಿಂದ 100 ತೋರಿಸಿದ್ದು ನಿಜಕ್ಕೆ 20 ಇರಬಹುದು.

ವಿಶ್ಲೇಷಣೆಯಲ್ಲಿ ಮೊದಲು ಜಾತಿ ಖಾತ್ರಿ ಮಾಡಿ. ಬಯೋಕೆಮಿಕಲ್‌ನಲ್ಲಿ ನ್ಯುಮೋನಿಯೇ ಎಂದು ಬಂದದ್ದು ಹತ್ತಿರದ ಜಾತಿಗಳಾದ ವೇರಿಕೋಲಾ ಅಥವಾ ಕ್ವಾಸಿನ್ಯುಮೋನಿಯೇ ಆಗಿರುವುದುಂಟು. ಕ್ಲೆಬೋರೇಟ್ ತಂತ್ರಾಂಶದಲ್ಲಿ ಜಾತಿ, ಎಸ್‌ಟಿ (ಕೆಲವು ಜೀನುಗಳನ್ನು ಓದಿ ಕೊಡುವ ಗುಂಪಿನ ಸಂಖ್ಯೆ), ನಿರೋಧ ಜೀನುಗಳು ಒಟ್ಟಿಗೇ ಬರುತ್ತವೆ. ಏಳು ಜೀನುಗಳನ್ನು ಹೋಲಿಸುವ ಎಂಎಲ್‌ಎಸ್‌ಟಿ ವಿಧಾನ ಎಲ್ಲಕ್ಕೂ ಒಂದೇ ಎಸ್‌ಟಿ ಕೊಟ್ಟರೆ ಅಲ್ಲಿಗೇ ನಿಲ್ಲಬೇಡಿ. ಎಸ್‌ಟಿ 15, ಎಸ್‌ಟಿ 147, ಎಸ್‌ಟಿ 307 ಇಂಥವು ಜಗತ್ತೆಲ್ಲ ಹರಡಿವೆ. ಎರಡು ಐಸೊಲೇಟೂ ಎಸ್‌ಟಿ 147 ಎಂದ ಮಾತ್ರಕ್ಕೆ ಒಂದೇ ಆಸ್ಪತ್ರೆಯ ಸೋಂಕು ಎನ್ನಲಾಗದು. ಎಸ್‌ಟಿ ಬೇರೆಯಾದರೆ ಸ್ಟ್ರೇನ್ ಬೇರೆ, ಅಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಒಂದೇ ಎಸ್‌ಟಿ ಇದ್ದವುಗಳಲ್ಲಿ ಎಸ್‌ಎನ್‌ಪಿ (ಒಂದೊಂದೇ ಅಕ್ಷರದ ವ್ಯತ್ಯಾಸ) ಎಣಿಸಿ. ರೆಫರೆನ್ಸಾಗಿ ನಿಮ್ಮದೇ ಒಂದು ಐಸೊಲೇಟಿನ ಅಸೆಂಬ್ಲಿ (ರೀಡ್‌ಗಳಿಂದ ಜೋಡಿಸಿದ ಜೀನೋಮ್) ತೆಗೆದುಕೊಳ್ಳಿ. ದೂರದ ರೆಫರೆನ್ಸ್ ಇಟ್ಟರೆ ನಿಮ್ಮವುಗಳಲ್ಲಿ ಮಾತ್ರ ಇರುವ ಭಾಗಗಳು ಲೆಕ್ಕದಿಂದ ಬಿದ್ದುಹೋಗುತ್ತವೆ. ಸ್ನಿಪ್ಪಿ ತಂತ್ರಾಂಶ ಓಡಿಸಿ, ಗಬ್ಬಿನ್ಸ್ ತಂತ್ರಾಂಶದಿಂದ ರಿಕಾಂಬಿನೇಷನ್ ಭಾಗ (ಬೇರೆ ಬ್ಯಾಕ್ಟೀರಿಯಾದಿಂದ ಬಂದು ಸೇರಿದ ತುಂಡು) ತೆಗೆಯಿರಿ. ಇಲ್ಲದಿದ್ದರೆ ಕವಚದ ಜೀನುಗಳ ಸುತ್ತ ಒಂದೇ ಸಲ ಅದಲುಬದಲಾದ ತುಂಡು ನೂರಾರು ಎಸ್‌ಎನ್‌ಪಿಯಾಗಿ ಕಾಣುತ್ತದೆ. ಕೆಲವು ತಿಂಗಳ ಒಳಗಿನ ಹರಡುವಿಕೆಗೆ 20ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಎಸ್‌ಎನ್‌ಪಿ ಎನ್ನುವುದು ಬಳಕೆಯಲ್ಲಿರುವ ಅಂದಾಜು. ಆ ಗೆರೆ ವಿಶ್ಲೇಷಣೆಯ ಪೈಪ್‌ಲೈನಿಂದ (ತಂತ್ರಾಂಶಗಳ ಸರಣಿ) ಪೈಪ್‌ಲೈನಿಗೆ ಜರುಗುತ್ತದೆ. ಕಂಟ್ರೋಲುಗಳು ಸಾವಿರಗಟ್ಟಲೆ ದೂರ ಇದ್ದು ಕೇಸುಗಳು ಒಂದಂಕಿಯಲ್ಲಿ ಇದ್ದರೆ ಗೆರೆಯ ಜಗಳವೇ ಏಳುವುದಿಲ್ಲ.

ಆರೂ ಬೇರೆ ಬೇರೆ ಸ್ಟ್ರೇನ್ ಬಂದರೂ ಫೈಲ್ ಮುಚ್ಚಬೇಡಿ. ಒಂದೇ ಪ್ಲಾಸ್ಮಿಡ್ ಸ್ಟ್ರೇನಿಂದ ಸ್ಟ್ರೇನಿಗೆ ಜಿಗಿಯುತ್ತಿರಬಹುದು, ಸಿಂಕಿನ ಕೊಳವೆ ಅದಕ್ಕೆ ಪ್ರಶಸ್ತ ಜಾಗ. ಗಿಡ್ಡ ರೀಡ್‌ಗಳಲ್ಲಿ ಪ್ಲಾಸ್ಮಿಡ್ ಚೂರುಚೂರಾಗಿ ಬರುತ್ತದೆ. ಪ್ರತಿ ಸ್ಟ್ರೇನಿಂದ ಒಂದನ್ನು ಉದ್ದ ರೀಡ್ ಕೊಡುವ ನ್ಯಾನೋಪೋರ್‌ನಲ್ಲೂ ಓದಿಸಿ ಪ್ಲಾಸ್ಮಿಡ್ ಪೂರ್ತಿ ಜೋಡಿಸಿ.

---

ಮೂರನೇ_ಲೇನ್ ಉತ್ತರ:

@ರೀಡ್ಸ್_ಮ್ಯಾಪ್ ಹದಿನೈದು ಎಂದು ನೀವು ಹೇಳಿದ ಲೆಕ್ಕ ಸರಿ. ಆದರೆ ಹೊಲಿಗೆ_ದಾರ ಹೇಳಿದ ಹಾಗೆ ಪ್ರತಿ ಜಾಗದಿಂದ ಐದು ಕಾಲೊನಿ ಎತ್ತಿದರೆ ಐವತ್ತು ದಾಟುತ್ತದೆ. ಅದರಲ್ಲಿ ಯಾವ ಹದಿನೈದು ಕಳಿಸುವುದು? ಅದನ್ನು ಆರಿಸಲಿಕ್ಕೆ ಇರಿಕ್ ಬೇಕು. ಒಂದೇ ಪಟ್ಟೆಯ ಗುಂಪಿನಿಂದ ಎರಡು, ಒಂಟಿಯಾದವುಗಳಿಂದ ಒಂದೊಂದು, ಕೇಸಿನವು ಎಲ್ಲವೂ. ತೀರ್ಪು ಸೀಕ್ವೆನ್ಸಿಂಗ್‌ನದೇ ಇರಲಿ, ಒಪ್ಪಿದೆ.

ಪಿಎಫ್‌ಜಿಇ ಬಗ್ಗೆ ಯಾರೂ ಹೇಳಲಿಲ್ಲ. ಹೊಸದಾಗಿ ಶುರುಮಾಡುವವರಿಗೆ ಬೇಡ. ಜೀವಂತ ಕೋಶವನ್ನು ಅಗರೋಸ್ ಬಿಲ್ಲೆಯೊಳಗೇ ಕರಗಿಸಿ, ಎಕ್ಸ್‌ಬಿಎ-1 ಕಿಣ್ವದಿಂದ ಕತ್ತರಿಸಿ, 14 ಡಿಗ್ರಿಯಲ್ಲಿ ಸೆಂ.ಮೀ.ಗೆ 6 ವೋಲ್ಟಿನಂತೆ 18ರಿಂದ 20 ಗಂಟೆ ಓಡಿಸಬೇಕು. ಇಲ್ಲೂ ಲೋಳೆ ಕಾಡುತ್ತದೆ: ಸೆಂಟ್ರಿಫ್ಯೂಜ್‌ನಲ್ಲಿ ಕೋಶ ತಳಕ್ಕೆ ಗಟ್ಟಿಯಾಗಿ ಕೂರದೆ ಒ.ಡಿ. (ದ್ರಾವಣದ ಮಬ್ಬು ನೋಡಿ ಕೋಶಗಳನ್ನು ಅಳೆಯುವುದು) ಲೆಕ್ಕ ತಪ್ಪುತ್ತದೆ. ಬಿಲ್ಲೆ ತೊಳೆಯುವುದು ಕಡಿಮೆಯಾದರೆ ಪ್ರೋಟಿನೇಸ್ ಕೆ ಉಳಿದು ಕಿಣ್ವವನ್ನೇ ತಿನ್ನುತ್ತದೆ. ಲೇನ್ ಪೂರ್ತಿ ಹೊಗೆಯಂತೆ ಮಸುಕಾದರೆ ಬಫರಿಗೆ 50 ಮೈಕ್ರೋಮೋಲಾರ್ ಥಯೋಯೂರಿಯಾ ಹಾಕಿ ನೋಡುವುದುಂಟು. ಆಹಾರದಿಂದ ಹರಡುವ ಸೋಂಕು ಪತ್ತೆಹಚ್ಚುವ ಲ್ಯಾಬುಗಳ ಜಾಲ ಪಲ್ಸ್‌ನೆಟ್ ಅಮೆರಿಕ 1996ರಿಂದ ಇದನ್ನೇ ನೆಚ್ಚಿತ್ತು, 2019ರಲ್ಲಿ ಅದೂ ಸೀಕ್ವೆನ್ಸಿಂಗ್‌ಗೆ ಹೊರಳಿತು. ಹಳೆಯ ರಿಪೋರ್ಟ್ ಓದಬೇಕಾದರೆ 1995ರ ಟೆನೋವರ್ ಸೂತ್ರ ನೆನಪಿರಲಿ: 2–3 ಪಟ್ಟೆ ವ್ಯತ್ಯಾಸಕ್ಕೆ ಹತ್ತಿರದ ಸಂಬಂಧ, 4–6ಕ್ಕೆ ಸಂಬಂಧ ಇರಬಹುದು, 7 ಅಥವಾ ಹೆಚ್ಚಾದರೆ ಬೇರೆ. ಅದನ್ನು ಇರಿಕ್ ಜೆಲ್ ಮೇಲೆ ಹೇರುವವರಿದ್ದಾರೆ, ಅದು ತಪ್ಪು. ಆ ಸೂತ್ರ ನಿಂತಿರುವುದು ಕಿಣ್ವ ಕತ್ತರಿಸುವ ಜಾಗದಲ್ಲಿ ಒಂದು ಬದಲಾವಣೆಯಾದರೆ ಎಷ್ಟು ಪಟ್ಟೆ ಜರುಗುತ್ತದೆ ಎನ್ನುವ ಲೆಕ್ಕದ ಮೇಲೆ.

---

ಬೇತಮಂಗಲ_ವೆಟ್:

ಎಲ್ಲರಿಗೂ ಧನ್ಯವಾದ. ಗಾಳಿಸೂಜಿ ಚುಚ್ಚಿದ ಅರ್ಧ ಬಾಟ್ಲಿ ಸ್ಟ್ಯಾಂಡಲ್ಲಿ ಇದ್ದೇ ಇದೆ, ತೆಗೆಸಿ ಫ್ರಿಜ್ಜಲ್ಲಿ ಇಟ್ಟಿದ್ದೀವಿ. ಮೊದಲೆರಡು ಹಸುಗಳ ಸ್ವಾಬ್ ಹೊರಗಿನ ಲ್ಯಾಬಿಗೆ ಹೋಗಿತ್ತು, ರಿಪೋರ್ಟ್ ಕೊಟ್ಟು ಪ್ಲೇಟ್ ಎಸೆದಿದ್ದಾರೆ. ಉಳಿದ ನಾಲ್ಕು ಪ್ಲೇಟ್ ಇಲ್ಲಿವೆ. ಮೈನಸ್ 80 ಡಿಗ್ರಿ ಫ್ರೀಜರ್ ಇಲ್ಲ. ಹೇಗೆ ಇಡೋದು, ಹೇಗೆ ಕಳಿಸೋದು? ಬಾಟ್ಲಿಯದ್ದು ಮತ್ತು ಗಾಯದ್ದು ಹೊಂದಿದ್ರೆ ಬಾಟ್ಲಿಯೇ ಮೂಲ ಅಂತ ಬರೆಯಬಹುದಲ್ವಾ?

---

ಹೊಲಿಗೆ_ದಾರ (ತುಮಕೂರು) ಉತ್ತರ:

ಬರೆಯೋಕಾಗಲ್ಲ. ಬಾಟ್ಲಿಯಿಂದ ಗಾಯಕ್ಕೆ ಹೋಯ್ತೋ, ಗಾಯ ಮುಟ್ಟಿದ ಕೈಯಿಂದ ಬಾಟ್ಲಿಗೆ ಬಂತೋ, ಬೆರಳಚ್ಚು ಅದನ್ನ ಹೇಳಲ್ಲ. ಕೇಸ್ ಶೀಟ್ ತೆಗೆದು ಒಂದು ದೊಡ್ಡ ಹಾಳೆ ಮೇಲೆ ತಾರೀಖು, ಯಾವ ಪ್ರಾಣಿ, ಯಾವ ಟೇಬಲ್, ಯಾರು ಹೊಲಿದ್ರು, ಯಾವ ಬ್ಯಾಚಿನ ಡ್ರಿಪ್, ಗಾಯ ಕೆಟ್ಟಿದ್ದು ಯಾವತ್ತು ಅಂತ ಗೆರೆ ಎಳೀರಿ. ಸೋಂಕಾಗದ ಕೇಸುಗಳನ್ನೂ ಅದೇ ಹಾಳೆಗೆ ಹಾಕಿ, ಅವಕ್ಕೆ ಡ್ರಿಪ್ ಹೋಗಿತ್ತಾ ಇಲ್ವಾ ಅಂತ. ಸೀಲ್ ಒಡೆಯದ ಬಾಟ್ಲಿಯಲ್ಲೂ ಅದೇ ಸ್ಟ್ರೇನ್ ಸಿಕ್ಕಿದ್ರೆ ಮೂಲ ಕಂಪನಿಯ ಕಡೆ. ಅದನ್ನ ಮತ್ತೆ ಬೇರೆ ಬಾಟ್ಲಿಯಲ್ಲಿ ಖಾತ್ರಿ ಮಾಡ್ಕೊಂಡು, ಬ್ಯಾಚ್ ನಂಬರ್ ಸಮೇತ ಡ್ರಗ್ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕು. ತೆರೆದದ್ದರಲ್ಲಿ ಮಾತ್ರ ಸಿಕ್ಕಿದ್ರೆ ನಿಮ್ಮ ಸೂಜಿ ಕಡೆ. ಬೋರ್ ನೀರಿನ ವಿಷಯಕ್ಕೂ ಇದೇ ಅಳತೆ. ನೀರಲ್ಲಿ ಕ್ಲೆಬ್ಸಿಯೆಲ್ಲಾ ಸಿಗೋದು ದೊಡ್ಡದಲ್ಲ, ಇದೇ ಕ್ಲೆಬ್ಸಿಯೆಲ್ಲಾ ಸಿಗ್ಬೇಕು.

---

ಮೂರನೇ_ಲೇನ್ ಉತ್ತರ:

ಪ್ಲೇಟಿನಿಂದ ಒಂಟಿ ಕಾಲೊನಿ ಎತ್ತಿ ಎರಡು ಸಲ ಮ್ಯಾಕಾಂಕಿ ಮೇಲೆ ಶುದ್ಧ ಮಾಡಿ. ಆಮೇಲೆ ನ್ಯೂಟ್ರಿಯೆಂಟ್ ಅಗಾರ್ ಸ್ಲೋಪಿಗೆ (ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿಯಾದ ಅಗಾರ್) ಎಳೆದು ಒಂದು ರಾತ್ರಿ 37ರಲ್ಲಿ ಬೆಳೆಸಿ, ಸ್ಕ್ರೂ ಮುಚ್ಚಳ ಬಿಗಿ ಮಾಡಿ, ಮೇಲೆ ಪ್ಯಾರಾಫಿಲ್ಮ್ ಸುತ್ತಿ, ಕತ್ತಲಲ್ಲಿ ಕೋಣೆಯ ಬಿಸಿಗೇ ಇಡಿ. ಕ್ಲೆಬ್ಸಿಯೆಲ್ಲಾ ಹೀಗೆ ವಾರಗಟ್ಟಲೆ ಬದುಕುತ್ತದೆ. ಫ್ರಿಜ್ಜಿನ ಫ್ರೀಜರಿಗೆ ಹಾಕಬೇಡಿ. ಕರೆಂಟ್ ಹೋಗಿ ಬಂದು, ಕರಗಿ ಗಟ್ಟಿಯಾಗಿ ಸಾಯುತ್ತದೆ. ಶೇ 20 ಗ್ಲಿಸರಾಲ್ ಸ್ಟಾಕನ್ನು ಮೈನಸ್ 80 ಇರುವ ಲ್ಯಾಬಿನಲ್ಲೇ ಮಾಡಿಸಿ. ಪದೇಪದೇ ಮರುಬೆಳೆಸಬೇಡಿ, ಔಷಧಿಯಿಲ್ಲದ ಅಗಾರಿನಲ್ಲಿ ಪ್ಲಾಸ್ಮಿಡ್ ಉದುರಬಹುದು.

ಪ್ರತಿಯೊಂದಕ್ಕೂ ಎರಡು ಸ್ಲೋಪ್, ಒಂದು ನಿಮ್ಮಲ್ಲಿ ಉಳಿಯಲಿ. ಲೇಬಲ್‌ನಲ್ಲಿ ಕೇಸ್ ನಂಬರ್, ಜಾಗ, ತಾರೀಖು, ಕಾಲೊನಿ ನಂಬರ್ ಪೆನ್ಸಿಲಿನಲ್ಲಿ ಬರೆಯಿರಿ, ಸ್ಪಿರಿಟ್ ತಾಗಿದರೆ ಮಾರ್ಕರ್ ಅಳಿಸಿಹೋಗುತ್ತದೆ. ಕಳಿಸುವಾಗ ಮೂರು ಪದರ: ಟ್ಯೂಬು, ಹೀರುವ ಹತ್ತಿಯೊಡನೆ ಸೋರದ ಡಬ್ಬ, ಹೊರಗೆ ಗಟ್ಟಿ ಪೆಟ್ಟಿಗೆ, ಮೇಲೆ ಯುಎನ್ 3373 ಗುರುತು (ಜೈವಿಕ ವಸ್ತು ಎನ್ನುವ ಅಂತರರಾಷ್ಟ್ರೀಯ ಸಂಖ್ಯೆ). ಬಸ್ ಪಾರ್ಸಲ್ ಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಯಲಹಂಕದ ನಿವೇದಿಗೋ (ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ) ಮೊದಲು ಪತ್ರ ಬರೆದು, ಯಾವ ಪರೀಕ್ಷೆ ಮಾಡಿಕೊಡುತ್ತಾರೆ ಎಂದು ಕೇಳಿಕೊಂಡು, ಜನ ಕೈಯಲ್ಲೇ ಒಯ್ದು ಕೊಡಲಿ. ಫ್ರಿಜ್ಜಿನಲ್ಲಿಟ್ಟ ಬಾಟಲಿಯಿಂದ ಇವತ್ತೇ 10 ಮಿ.ಲೀ. ಪೆಪ್ಟೋನ್‌ಗೆ ಹಾಕಿ, ಪೂರ್ತಿ ಬಾಟಲಿ ಕಳಿಸಬೇಡಿ. ಹೊರಗಿನ ಲ್ಯಾಬಿಗೊಮ್ಮೆ ಫೋನ್ ಮಾಡಿ ನೋಡಿ, ಪ್ಲೇಟ್ ಎಸೆದಿದ್ದರೂ ಬ್ಯಾಕ್ಟೀರಿಯಾ ಗುರುತಿಸುವ ಯಂತ್ರಕ್ಕೆ ಹಾಕುವ ಮುಂಚೆ ಮಾಡಿದ ಸ್ಲೋಪ್ ರ‍್ಯಾಕಿನಲ್ಲಿ ಉಳಿದಿರುವುದುಂಟು.